ಅಗ್ಗದ ರೀಲು ಕಡಲಿಗೆ ತಾಳೀತೇ?

ಮಳೆಗಾಲ ಕಳೆದು ಕಡಲಿನ ಕೆಂಪು ನೀರು ತಿಳಿಯಾಗುತ್ತ ಬಂದಿತೆಂದರೆ, ಮಂಜೇಶ್ವರದಿಂದ ಬೇಕಲದವರೆಗೆ ನಮ್ಮ ಹೊಯಿಗೆ ತೀರದಲ್ಲಿ ಸಂಜೆಯ ಹೊತ್ತು ಉದ್ದನೆಯ ಕೋಲು ಹಿಡಿದು ನಿಂತವರ ಸಾಲು ಕಾಣಸಿಗುತ್ತದೆ. ಹಿಂದೆ ಈ ತೀರದಲ್ಲಿ ಇದ್ದುದು ಕೈರಂಪಣಿ, ಬೀಸುಬಲೆ, ಮತ್ತೆ ಬಾಟಲಿಗೆ ಸುತ್ತಿದ ತಂಗೂಸಿನ ಕೈಗಾಳ. ಈಗ ಹನ್ನೆರಡು ಅಡಿಯ ಕೋಲು, ಅದರ ಬುಡದಲ್ಲಿ ಹೊಳೆಯುವ ರೀಲು. ಹಿಡಿದವರಲ್ಲಿ ಕಸುಬಿನ ಮೀನುಗಾರರಿಗಿಂತ ಹವ್ಯಾಸಿಗಳೇ ಹೆಚ್ಚು. ಆಟೋ ಓಡಿಸುವವರು, ಅಂಗಡಿಯವರು, ಕಾಲೇಜು ಹುಡುಗರು, ಗಲ್ಫಿನಿಂದ ರಜೆಯಲ್ಲಿ ಬಂದವರು. ನಮ್ಮ ಕನ್ನಡ ಮನೆಗಳ ಮಕ್ಕಳೂ ಈ ಸಾಲಿನಲ್ಲಿದ್ದಾರೆ. ಅವರು ಈ ವಿದ್ಯೆಯನ್ನು ಕಲಿತದ್ದು ಮಲಯಾಳದ ವೀಡಿಯೋಗಳಿಂದಾದ್ದರಿಂದ ಗಾಳಕ್ಕೆ ಚೂಂಡ ಎನ್ನುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ರೀಲು ಕೊಳ್ಳಬೇಕು, ಕೊಂಡದ್ದು ಎಷ್ಟು ದಿನ ಬಾಳೀತು ಎಂಬ ಪ್ರಶ್ನೆಗೆ ಮಾತ್ರ ಯಾವ ಭಾಷೆಯಲ್ಲೂ ಸರಿಯಾದ ಉತ್ತರ ಅವರಿಗೆ ಸಿಕ್ಕಿದಂತಿಲ್ಲ. ವರ್ಷಕ್ಕೊಂದರಂತೆ ಕೊಳ್ಳುತ್ತಾರೆ, ವರ್ಷಕ್ಕೊಂದರಂತೆ ಗುಜರಿಗೆ ಹಾಕುತ್ತಾರೆ.

ನಾನೂ ಹಾಗೆ ಹಾಕಿದವನೇ. ಅಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ.

2023ರ ಅಕ್ಟೋಬರಿನ ಒಂದು ಭಾನುವಾರ, ಶಿರಿಯಾ ಹೊಳೆ ಕಡಲು ಸೇರುವ ಅಳಿವೆಯ ತೆಂಕಣ ಬದಿಯಲ್ಲಿ ನಿಂತಿದ್ದೆ. ಕೈಯಲ್ಲಿದ್ದುದು ಹದಿನೈದು ನೂರು ರೂಪಾಯಿಯ ರೀಲು, ಕೊಂಡು ನಾಲ್ಕು ತಿಂಗಳಾಗಿತ್ತು. ತುದಿಯಲ್ಲಿ 120 ಗ್ರಾಂ ತೂಕದ ಸೀಸದ ಗುಂಡು. ಹಿಂದಕ್ಕೆ ವಾಲಿ ಬಲವಾಗಿ ಬೀಸಿದೆ. ಬೀಸಿನ ನಡುವೆ ರೀಲಿನ ಮೇಲಿನ ಬೇಲ್ ತಂತಿ ತಾನಾಗಿಯೇ ಟಕ್ಕೆಂದು ಮುಚ್ಚಿಕೊಂಡಿತು. ಬೆರಳು ಬಿಟ್ಟರೂ ದಾರ ಹೊರಗೆ ಹರಿಯಲಿಲ್ಲ. ಎಳೆತಕ್ಕೆ ಸಿಕ್ಕಿದ ಗುಂಡು ಎಡಕ್ಕೆ ತಿರುಗಿ, ದಾರ ಕಡಿದು, ತೀರದ ಉದ್ದಕ್ಕೆ ಹಾರಿತು. ಆ ಬದಿಯಲ್ಲಿ ನಾಲ್ಕು ಮಕ್ಕಳು ಹೊಯಿಗೆಯಲ್ಲಿ ಮರುವಾಯಿ ಹೆಕ್ಕುತ್ತಿದ್ದರು. ಗುಂಡು ಅವರಿಂದ ಹತ್ತು ಹೆಜ್ಜೆ ಆಚೆ ಹೊಯಿಗೆಯೊಳಗೆ ಹೂತಿತು. ಮಕ್ಕಳಿಗೆ ಏನು ನಡೆಯಿತೆಂದೇ ಗೊತ್ತಾಗಲಿಲ್ಲ. ನಾನು ಕೋಲನ್ನು ಮಡಚಿ ಮನೆಗೆ ಬಂದೆ.

ತಪ್ಪು ರೀಲಿನದು ಮಾತ್ರವಲ್ಲ. ಮಕ್ಕಳು ಅಷ್ಟು ಸಮೀಪದಲ್ಲಿರುವಾಗ ಬೀಸಿದ್ದು ನನ್ನ ತಪ್ಪು. ಆದರೂ ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಒಂದು ಗುಂಡು 80 ಮೀಟರ್ ದೂರದಲ್ಲಿ ಬೀಳಬೇಕಾದರೆ, ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೂ ಅದು ಕೋಲಿನಿಂದ ಹೊರಡುವಾಗ ಗಂಟೆಗೆ 100 ಕಿ.ಮೀ. ವೇಗದಲ್ಲಿರಬೇಕು. ಗಾಳಿಯ ತಡೆ ಇರುವುದರಿಂದ ನಿಜದ ವೇಗ ಇನ್ನೂ ಹೆಚ್ಚು. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಅದರ ಮುಕ್ಕಾಲು ಪಾಲು ತೂಕದ, ಗಾತ್ರದಲ್ಲಿ ಬಹಳ ಚಿಕ್ಕದಾದ, ಸೀಸದ ತುಂಡು ವೇಗದ ಬೌಲರನ ಚೆಂಡಿನಂತೆ ಬಂದರೆ ಏನಾದೀತೆಂದು ಊಹಿಸಬಹುದು. ಆದ್ದರಿಂದ ರೀಲು ನಂಬಿಕೆಗೆ ತಕ್ಕದ್ದೇ ಅಲ್ಲವೇ ಎಂಬುದು ದುಡ್ಡಿನ ಲೆಕ್ಕ ಮಾತ್ರ ಅಲ್ಲ. ಆ ರೀಲಿನ ಹೆಸರು ಇಲ್ಲಿ ಬೇಡ. ಅದೇ ಬೆಲೆಯಲ್ಲಿ ಬೇರೆ ಹೆಸರಿನಿಂದ ಬರುವ ಇನ್ನೂ ಹತ್ತು ರೀಲುಗಳ ಒಳಗೂ ಹೆಚ್ಚುಕಡಿಮೆ ಅದೇ ಸರಕು ಇರುತ್ತದೆ.

ರಾಟೆ ಅಲ್ಲ, ನೂಲಿನ ಉರುಳೆ

ರೀಲು ಎಂದರೆ ನಮ್ಮ ಬಾವಿಯ ರಾಟೆಯಂತೆ ತಿರುಗುವ ವಸ್ತು ಎಂದು ಅನೇಕರ ಭಾವನೆ. ತೀರದಿಂದ ಎಸೆಯಲು ನಮ್ಮವರು ಬಳಸುವ ರೀಲು ಹಾಗಲ್ಲ. ಇದರಲ್ಲಿ ದಾರ ಸುತ್ತಿದ ಸ್ಪೂಲು ಎಸೆಯುವಾಗ ತಿರುಗುವುದೇ ಇಲ್ಲ. ಹೊಲಿಗೆ ನೂಲಿನ ಉರುಳೆಯನ್ನು ನೆಟ್ಟಗೆ ಹಿಡಿದು ತುದಿಯಿಂದ ನೂಲು ಎಳೆದರೆ ಹೇಗೆ ಸುರುಳಿ ಸುರುಳಿಯಾಗಿ ಬಿಡಿಸಿಕೊಂಡು ಬರುತ್ತದೆಯೋ ಹಾಗೆ ದಾರ ಸ್ಪೂಲಿನ ಅಂಚಿನ ಮೇಲಿನಿಂದ ಜಾರಿ ಹೋಗುತ್ತದೆ. ಈ ಉಪಾಯವನ್ನು 1905ರಲ್ಲಿ ಪೇಟೆಂಟ್ ಮಾಡಿಸಿಕೊಂಡವನು ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಅವನು ನೂಲಿನ ಗಿರಣಿಗಳ ಕುಟುಂಬದವನೆಂದರೆ ಆಶ್ಚರ್ಯವಿಲ್ಲ.

ದಾರವನ್ನು ಮರಳಿ ಸುತ್ತುವಾಗ ಸ್ಪೂಲಿನ ಸುತ್ತ ರೋಟರ್ ತಿರುಗುತ್ತದೆ. ಅದರ ಮೇಲಿನ ಬೇಲ್ ತಂತಿ ದಾರವನ್ನು ಹಿಡಿದು, ಒಂದು ಪುಟ್ಟ ರೋಲರಿನ ಮೇಲೆ ಹಾಯಿಸಿ, ಸ್ಪೂಲಿಗೆ ಸುತ್ತುತ್ತದೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ರೋಟರ್ ಐದಾರು ಸುತ್ತು ಬರುತ್ತದೆ. ಡಬ್ಬಿಯ ಮೇಲೆ 4.9:1 ಎಂದೋ 5.2:1 ಎಂದೋ ಬರೆದಿರುವುದು ಇದನ್ನೇ. 60 ಮಿ.ಮೀ. ಅಡ್ಡಳತೆಯ ತುಂಬಿದ ಸ್ಪೂಲಿಗೆ 4.9:1 ಆದರೆ ಹಿಡಿಯ ಒಂದು ಸುತ್ತಿಗೆ ಸುಮಾರು 92 ಸೆಂ.ಮೀ. ದಾರ ಒಳಗೆ ಬರುತ್ತದೆ. ಭಾರದ ಗುಂಡನ್ನು ಅಲೆಯ ಎದುರು ಎಳೆಯುವ ಕೆಲಸಕ್ಕೆ ಇದು ಸಾಕು. 6ನ್ನು ಮೀರಿದ ಅನುಪಾತ ವೇಗಕ್ಕೆ ಒಳ್ಳೆಯದಾದರೂ ಅಗ್ಗದ ಗೇರಿನ ಹಲ್ಲುಗಳ ಮೇಲೆ ಹೊರೆ ಹೆಚ್ಚು. ಗೇರು ಹಾಕದ ಸೈಕಲಿನಲ್ಲಿ ಏರು ಹತ್ತಿದಂತೆ.

ಹೊಳೆಯಲ್ಲಿ ಹತ್ತು ವರ್ಷ ಬಾಳುವ ರೀಲು ಕಡಲ ಅಂಚಿನಲ್ಲಿ ಒಂದೇ ವರ್ಷಕ್ಕೆ ಕೆಡುವುದು ಏಕೆ? ಮೂರು ವೈರಿಗಳು ಒಟ್ಟಿಗೆ ಬೀಳುತ್ತವೆ. ಮೊದಲನೆಯದು ಉಪ್ಪು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇದೆ. ನೀರು ಆರಿದರೂ ಉಪ್ಪು ಒಳಗೆ ಉಳಿಯುತ್ತದೆ. ಗಾಳಿಯ ತೇವ 75 ಶೇಕಡಾ ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ನೀರು ಹೀರಿ ಕರಗತೊಡಗುತ್ತದೆ. ಕಡಲುಪ್ಪಿನಲ್ಲಿ ಬೇರೆ ಲವಣಗಳೂ ಸೇರಿರುವುದರಿಂದ ಅದು ಇನ್ನೂ ಬೇಗ ನೀರೊಡೆಯುತ್ತದೆ. ಆಟಿ ತಿಂಗಳಲ್ಲಿ ನಮ್ಮ ಮನೆಗಳ ಉಪ್ಪಿನ ಭರಣಿಯ ಅವಸ್ಥೆ ಯಾರಿಗೆ ತಿಳಿಯದು? ಮೇ ತಿಂಗಳಲ್ಲಿ ತೊಳೆಯದೆ ಅಟ್ಟಕ್ಕೆ ಹಾಕಿದ ರೀಲಿನೊಳಗೆ ಮಳೆಗಾಲದ ಮೂರು ತಿಂಗಳೂ ಅದೇ ಕೆಲಸ ನಡೆಯುತ್ತಿರುತ್ತದೆ. ಸಪ್ಟೆಂಬರಿನಲ್ಲಿ ಇಳಿಸಿದಾಗ ಅದು ತಿರುಗದಿದ್ದರೆ, ಕೆಟ್ಟದ್ದು ಕಡಲಲ್ಲಿ ಅಲ್ಲ, ಅಟ್ಟದಲ್ಲಿ. ಎರಡನೆಯದು ಹೊಯಿಗೆ. ಒಂದೇ ಕಣ ಗೇರಿನ ಹಲ್ಲುಗಳ ನಡುವೆ ಸಿಕ್ಕಿದರೂ ಸತುವಿನ ಮಿಶ್ರಲೋಹದ ಅಗ್ಗದ ಗೇರಿನಲ್ಲಿ ಗೀರು ಬೀಳುತ್ತದೆ. ಮೂರನೆಯದು ಹೊರೆ. 100 ಗ್ರಾಮಿಗೆ ಮೀರಿದ ಸೀಸವನ್ನು ಒಂದು ಸಂಜೆಗೆ ಮೂವತ್ತು ನಲವತ್ತು ಸಲ ಅಲೆಗಳ ಮೂಲಕ ಎಳೆಯಬೇಕು. ಮೀನು ಸಿಗದ ದಿನವೂ ಈ ಕೂಲಿ ತಪ್ಪಿದ್ದಲ್ಲ.

ಡಬ್ಬಿಯ ಮೇಲಿನ ಅಂಕೆಗಳು

ಅಂಗಡಿಯಲ್ಲಿ ಮೊದಲು ತೋರಿಸುವುದು ಬೇರಿಂಗುಗಳ ಸಂಖ್ಯೆ. ನನ್ನ ಆ ರೀಲಿನ ಮೇಲೆ 12+1 ಎಂದಿತ್ತು. ಬೇರಿಂಗು ಹೆಚ್ಚಾದರೆ ಹೆಚ್ಚು ಬಾಳಿಕೆ ಎಂದು ನಂಬಿದ್ದೆ. ರೀಲಿನ ಒಳಗೆ ಬೇರಿಂಗು ನಿಜವಾಗಿ ಬೇಕಾದ ಜಾಗಗಳು ಕೆಲವೇ: ದೊಡ್ಡ ಗೇರಿನ ಎರಡು ಬದಿ, ಪಿನಿಯನ್ನಿನ ಬುಡ, ದಾರ ಹಾಯುವ ರೋಲರು. ಈ ನಾಲ್ಕು ಕಡೆ ಒಳ್ಳೆಯ ಬೇರಿಂಗಿದ್ದರೆ ಉಳಿದದ್ದು ಶೃಂಗಾರ. ಹಿಡಿಯ ಗುಬ್ಬಿಯೊಳಗೆ ಎರಡು ಬೇರಿಂಗು ಇಟ್ಟು ಸಂಖ್ಯೆ ಏರಿಸುವುದು ಸುಲಭ. ಅದೇ ಬೆಲೆಗೆ ಹನ್ನೆರಡು ಬೇರಿಂಗು ಕೊಡುತ್ತಾರೆಂದರೆ ಒಂದೊಂದರ ಯೋಗ್ಯತೆ ಎಷ್ಟೆಂದು ನಾವೇ ಭಾಗಾಕಾರ ಮಾಡಬಹುದು. ಕಡಲಿನಲ್ಲಿ ಪ್ರತಿಯೊಂದು ಅಗ್ಗದ ಬೇರಿಂಗೂ ತುಕ್ಕು ಹಿಡಿಯುವ ಒಂದೊಂದು ಜಾಗ. ‘+1’ ಎಂಬುದು ಬೇರೆಯೇ ವಸ್ತು, ಅದರ ಮಾತು ಮುಂದೆ ಬರುತ್ತದೆ.

ಎರಡನೆಯ ಅಂಕೆ ಡ್ರ್ಯಾಗಿನದು. ದೊಡ್ಡ ಮೀನು ಎಳೆದಾಗ ದಾರ ಕಡಿಯದಂತೆ ಸ್ಪೂಲು ತುಸು ತುಸುವೇ ಜಾರಿ ದಾರ ಬಿಟ್ಟುಕೊಡುವ ಏರ್ಪಾಡಿಗೆ ಡ್ರ್ಯಾಗ್ ಎಂದು ಹೆಸರು. ‘15 ಕಿಲೋ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಆದರೆ ನಮ್ಮ ದಾರವೇ 8 ಕಿಲೋ ತಡೆಯುವಂಥದ್ದಾದರೆ ಡ್ರ್ಯಾಗನ್ನು ಅದರ ಕಾಲು ಭಾಗಕ್ಕೆ, ಹೆಚ್ಚೆಂದರೆ ಮೂರನೆಯ ಒಂದು ಭಾಗಕ್ಕೆ, ಎಂದರೆ 2ರಿಂದ 2.7 ಕಿಲೋಗೆ ಹೊಂದಿಸುವುದು ಪದ್ಧತಿ. 15 ಕಿಲೋ ಯಾರಿಗೆ ಬೇಕು? ಬೇಕಾದದ್ದು ಆ 2 ಕಿಲೋ ಎಳೆತದಲ್ಲಿ ಸ್ಪೂಲು ಮುಗ್ಗರಿಸದೆ ಜಾರುವುದು. ನಿಶ್ಚಲ ಘರ್ಷಣೆ ಚಲನ ಘರ್ಷಣೆಗಿಂತ ಹೆಚ್ಚು ಎಂದು ಶಾಲೆಯಲ್ಲಿ ಪಾಠ ಹೇಳುತ್ತೇವಲ್ಲ, ಅದು ಇಲ್ಲಿ ದಾರದ ಪ್ರಾಣಕ್ಕೆ ಬರುತ್ತದೆ. ಕೆಟ್ಟ ವಾಶರು ಮೊದಲು ಅಂಟಿ ನಿಂತು, ಬಳಿಕ ಜಿಗಿದು ಬಿಡುತ್ತದೆ. ಆ ಅಂಟಿದ ಕ್ಷಣದಲ್ಲೇ ದಾರ ಕಡಿಯುವುದು. ಇನ್ನೂ ಒಂದು ವಿಷಯ: ದಾರ ಹೊರಗೆ ಹೋದಷ್ಟೂ ಸ್ಪೂಲಿನ ಸುತ್ತು ಕಿರಿದಾಗಿ ಎಳೆತ ಏರುತ್ತದೆ. ಸ್ಪೂಲು ತುಂಬಿದ್ದು ತ್ರಿಜ್ಯ 30 ಮಿ.ಮೀ. ಇದ್ದಾಗ 2 ಕಿಲೋಗೆ ಹೊಂದಿಸಿದ ಡ್ರ್ಯಾಗು, ತ್ರಿಜ್ಯ 20 ಮಿ.ಮೀ.ಗೆ ಇಳಿದಾಗ ಮುಟ್ಟದೆಯೇ 3 ಕಿಲೋ ಆಗಿರುತ್ತದೆ. ದೂರ ಎಸೆದು ಮೀನು ಹಿಡಿಯುವವನು ಇದನ್ನು ಮರೆಯಬಾರದು.

ಇತ್ತೀಚೆಗೆ ಕೆಲವು ದುಬಾರಿ ರೀಲುಗಳ ಮೇಲೆ ಐಪಿಎಕ್ಸ್5 ಎಂಬ ಗುರುತು ಬರುತ್ತಿದೆ. ಪೆನ್ ಕಂಪೆನಿಯ ಆರನೆಯ ಸ್ಪಿನ್‌ಫಿಶರಿಗೆ ಇದು ಇತ್ತು. ಈ ಅಂತಾರಾಷ್ಟ್ರೀಯ ಗುರುತಿನಲ್ಲಿ 5 ಎಂದರೆ ಎಲ್ಲ ದಿಕ್ಕಿನಿಂದ ಚಿಮ್ಮಿಸಿದ ನೀರಿನ ಧಾರೆಯನ್ನು ತಡೆದದ್ದು. ಎಕ್ಸ್ ಎಂದರೆ? ಧೂಳಿನ ಪರೀಕ್ಷೆಗೆ ಅಂಕ ಹಾಕಿಲ್ಲ ಎಂದು ಅರ್ಥ. ಹೊಯಿಗೆಯ ಮೇಲೆ ನಿಲ್ಲುವ ನಮಗೆ ಬೇಕಾದ ಅಂಕೆಯ ಜಾಗದಲ್ಲೇ ಎಕ್ಸ್ ಇದೆ! ಆದರೂ ನೀರು ತಡೆಯುವ ಮುದ್ರೆಗಳು ಹೊಯಿಗೆಯನ್ನೂ ಬಹಳ ಮಟ್ಟಿಗೆ ತಡೆಯುತ್ತವೆನ್ನಿ. ಸಾವಿರದಿಂದ ಮೂರು ಸಾವಿರದೊಳಗಿನ ರೀಲು ಕೊಳ್ಳುವವರು ಇದನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ನಮ್ಮ ರೀಲಿನೊಳಗೆ ನೀರು ಹೋಗಿಯೇ ಹೋಗುತ್ತದೆ ಎಂದು ತಿಳಿದೇ ಕೊಳ್ಳುವುದು ಜಾಣತನ.

ಎಲ್ಲಿ ಕೆಡುತ್ತದೆ?

ಕೆಟ್ಟ ರೀಲುಗಳನ್ನು ಬಿಚ್ಚಿ ನೋಡುವ ಚಾಳಿ ಆ ಅಕ್ಟೋಬರಿನ ಬಳಿಕ ನನಗೆ ಹತ್ತಿತು. ತೀರದ ಗೆಳೆಯರು ಎಸೆಯಲಿದ್ದ ಹತ್ತು ಹನ್ನೆರಡನ್ನು ಕೇಳಿ ತಂದೆ. ಅವುಗಳಲ್ಲಿ ದೊಡ್ಡ ಗೇರಿನ ಹಲ್ಲು ಮುರಿದದ್ದು ಒಂದೇ. ಉಳಿದವೆಲ್ಲ ಸತ್ತದ್ದು ಸಣ್ಣ ಸಣ್ಣ ಅಂಗಗಳ ದೋಷದಿಂದ.

ಎಲ್ಲಕ್ಕಿಂತ ಮೊದಲು ಹೋಗುವುದು ದಾರ ಹಾಯುವ ರೋಲರು. ರೀಲಿನಲ್ಲಿ ಅತ್ಯಂತ ಹೊರಗೆ ಇರುವ, ಉಪ್ಪು ನೀರು ತೊಟ್ಟಿಕ್ಕುವ ದಾರ ನೇರವಾಗಿ ಮುಟ್ಟುವ ಅಂಗ ಅದು. ಒಳಗಿನ ಬೇರಿಂಗು ಬಿಗಿದರೆ ರೋಲರು ತಿರುಗದೆ ನಿಲ್ಲುತ್ತದೆ, ದಾರ ಅದರ ಮೇಲೆ ಉಜ್ಜುತ್ತದೆ. ದಾರ ತೇಯ್ದು ಒರಟಾಗುತ್ತದೆ, ಮುಂದೊಂದು ದಿನ ಮೀನಿನೊಂದಿಗೆ ಹೋಗುತ್ತದೆ. ಹಿಡಿದವನು ದಾರವನ್ನು ಬೈಯುತ್ತಾನೆ. ನನ್ನ ರೀಲಿನಲ್ಲಿ ಇದು ಎರಡನೆಯ ತಿಂಗಳಲ್ಲೇ ನಿಂತಿತ್ತು. ನಾನು ಎರಡು ಸಲ ದಾರ ಬದಲಿಸಿದೆನೇ ಹೊರತು ರೋಲರನ್ನು ಬೆರಳಿಂದ ತಿರುಗಿಸಿ ನೋಡಲಿಲ್ಲ.

ಎರಡನೆಯದು ಆ ‘+1’, ಹಿಮ್ಮುಖ ತಡೆ. ಸೈಕಲಿನ ಫ್ರೀವೀಲು ಒಂದೇ ದಿಕ್ಕಿಗೆ ಹಿಡಿಯುತ್ತದಲ್ಲ, ರೀಲಿನ ಹಿಡಿ ಹಿಂದಕ್ಕೆ ತಿರುಗದಂತೆ ಹಿಡಿಯುವುದೂ ಅಂಥದೇ ತತ್ತ್ವ, ಸಣ್ಣ ಉರುಳುಗಳ ಸಾಲಿನಿಂದ. ಜಪಾನಿನ ಸಕಾಯಿಯಲ್ಲಿ 1921ರಲ್ಲಿ ಶುರುವಾದ ಶಿಮಾನೋ ಕಂಪೆನಿ ಮೊದಲು ಮಾಡಿದ್ದು ಸೈಕಲಿನ ಫ್ರೀವೀಲನ್ನೇ, ಮೀನಿನ ರೀಲಿಗೆ ಬಂದದ್ದು 1970ರಲ್ಲಿ. ಈ ಉರುಳುಗಳಿಗೆ ತೆಳು ಎಣ್ಣೆಯ ಒಂದು ಹನಿ ಮಾತ್ರ ಸಲ್ಲುತ್ತದೆ. ಉಪ್ಪು ಸೇರಿದರೂ ಜಾರುತ್ತದೆ, ದಪ್ಪ ಗ್ರೀಸು ಹಚ್ಚಿದರೂ ಜಾರುತ್ತದೆ. ಒಳ್ಳೆಯ ಮನಸ್ಸಿನಿಂದ ಗ್ರೀಸು ತುಂಬಿ ಕೆಡಿಸಿದ ಎರಡು ರೀಲುಗಳು ನನಗೆ ಸಿಕ್ಕಿದ ರಾಶಿಯಲ್ಲಿದ್ದವು. ಜಾರಿದಾಗ ಹಿಡಿ ಹಿಮ್ಮುಖವಾಗಿ ರೊಯ್ಯನೆ ತಿರುಗಿ ಬೆರಳಿನ ಗೆಣ್ಣಿಗೆ ಹೊಡೆಯುತ್ತದೆ.

ಮೂರನೆಯದು ಬೇಲಿನ ಸ್ಪ್ರಿಂಗು ಮತ್ತು ಅದನ್ನು ಮುಚ್ಚಿಸುವ ಕೊಂಡಿ. ಎಲ್ಲಕ್ಕಿಂತ ಅಪಾಯದ್ದು ಇದೇ. ಬೇಲ್ ತೆರೆದಿರುವಾಗ ರೋಟರು ತುಸು ತಿರುಗಿದರೂ ಕೊಂಡಿ ತಾಗಿ ಬೇಲ್ ಮುಚ್ಚಿಕೊಳ್ಳುವಂತೆ ಇದರ ರಚನೆ. ಬಲವಾಗಿ ಬೀಸಿದ ರಭಸಕ್ಕೆ ರೋಟರು ತಿರುಗದಿರಲೆಂದು ಒಳ್ಳೆಯ ರೀಲುಗಳಲ್ಲಿ ಘರ್ಷಣೆಯ ತಡೆ ಇರುತ್ತದೆ. ಹಲವದರಲ್ಲಿ ಅದು ರೋಟರಿನ ಬುಡದ ಒಂದು ರಬ್ಬರು ಬಳೆ. ಅಗ್ಗದ್ದರಲ್ಲಿ ಆ ಬಳೆ ಇರುವುದಿಲ್ಲ, ಇದ್ದರೂ ಬೇಗ ತೇಯುತ್ತದೆ. ದಪ್ಪ ಮುಂದಾರ, ಅಂದರೆ ಲೀಡರ್, ಕಟ್ಟಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಗುಂಡಿನ ತೂಕದ ಒಂದೊಂದು ಔನ್ಸಿಗೆ 10 ಪೌಂಡು ತಡೆಯುವ ಲೀಡರ್ ಎಂಬ ಹಳೆಯ ಸೂತ್ರ ಒಳ್ಳೆಯದೇ. 120 ಗ್ರಾಮಿಗೆ ಅದು ಸುಮಾರು 19 ಕಿಲೋ ತಡೆಯುವ ದಾರವಾಗುತ್ತದೆ, ಅದನ್ನು ಕಟ್ಟಲೇಬೇಕು. ಆದರೆ ಗುಂಡು ಹಾರಿ ಲೀಡರ್ ಪೂರ್ತಿ ಹೊರಗೆ ಹೋದ ಮೇಲೆ ಬೇಲ್ ಮುಚ್ಚಿದರೆ ಎಳೆತ ಬೀಳುವುದು ತೆಳು ದಾರದ ಮೇಲೆ. ಆಗ ಲೀಡರ್ ಏನೂ ಮಾಡಲಾರದು.

ಬಳಿಕ ಹೊರಮೈ. ‘ಗ್ರಾಫೈಟು’ ಎಂದು ದೊಡ್ಡ ಹೆಸರಿನಿಂದ ಕರೆಯುವುದು ಬಹುಮಟ್ಟಿಗೆ ಇಂಗಾಲದ ನಾರು ಬೆರೆಸಿದ ನೈಲಾನು. ತುಕ್ಕು ಹಿಡಿಯದು, ಅದು ಗುಣ. ಭಾರಕ್ಕೆ ಬಾಗುತ್ತದೆ, ಅದು ದೋಷ. ಮೈ ಬಾಗಿದರೆ ಗೇರುಗಳು ಓರೆಯಾಗಿ ಕೂಡಿ ತೇಯುತ್ತವೆ. ಅಲ್ಯೂಮಿನಿಯಂ ಮೈ ಬಾಗದು, ಆದರೆ ಅದಕ್ಕೆ ಉಕ್ಕಿನ ತಿರುಪು ಹಾಕಿ ನಡುವೆ ಉಪ್ಪುನೀರು ಬಿಟ್ಟರೆ ವಿದ್ಯುತ್ಕೋಶವೇ ಆಯಿತು. ಅಲ್ಯೂಮಿನಿಯಂ ಬೆಳ್ಳಗೆ ಬೂದಿಯಾಗಿ ಕರಗುತ್ತದೆ, ತಿರುಪು ಬಿಚ್ಚಲು ಬರುವುದಿಲ್ಲ. ಹೊಸತರಲ್ಲೇ ಒಂದೊಂದು ತಿರುಪು ಬಿಚ್ಚಿ ಗ್ರೀಸು ಸವರಿ ಹಾಕಿದರೆ ಇದು ತಪ್ಪುತ್ತದೆ.

ಮನೆಯ ಪರೀಕ್ಷೆ

ಅಂಗಡಿಯಲ್ಲಿ ರೀಲು ಕೈಗೆ ಕೊಟ್ಟೊಡನೆ ಎಲ್ಲರೂ ಮಾಡುವುದು ಹಿಡಿಯನ್ನು ರೊಯ್ಯನೆ ತಿರುಗಿಸಿ ‘ಎಷ್ಟು ನಯ!’ ಎನ್ನುವುದು. ಗ್ರೀಸೇ ಹಾಕದ ರೀಲು ಎಲ್ಲಕ್ಕಿಂತ ನಯವಾಗಿ ತಿರುಗುತ್ತದೆ. ಆದ್ದರಿಂದ ಅದು ಪರೀಕ್ಷೆಯೇ ಅಲ್ಲ. ನಿಧಾನವಾಗಿ, ಕಣ್ಣು ಮುಚ್ಚಿ ತಿರುಗಿಸಬೇಕು. ಹಲ್ಲುಗಳು ಒರಸುವ ಭಾಸ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಬಂದರೆ ಆ ರೀಲು ಬೇಡ. ಹಿಡಿಯನ್ನು ಹಿಂದೆ ಮುಂದೆ ಅಲುಗಿಸಿ. ಮಡಚುವ ಕೀಲಿನಲ್ಲಿ ಅಲುಗಾಟ ಇದ್ದರೆ ಅದು ದಿನದಿನಕ್ಕೆ ಹೆಚ್ಚುತ್ತದೆ. ತಿರುಪಿನಂತೆ ನೇರ ಗೇರಿನೊಳಗೆ ಕೂರುವ ಹಿಡಿ ಲೇಸು. ಬೇಲನ್ನು ತೆರೆದು ರೀಲನ್ನು ಹಿಡಿದು ಎಸೆಯುವಂತೆಯೇ ಐದಾರು ಸಲ ಜಾಡಿಸಿ. ಮುಚ್ಚಿಕೊಂಡಿತೇ? ಒಂದೇ ಸಲ ಮುಚ್ಚಿಕೊಂಡರೂ ಮರಳಿಸಿ ಬನ್ನಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ತರಿಸಿಕೊಂಡ ರೀಲಾದರೆ ಮರಳಿಸುವ ಗಡುವಿನೊಳಗೆ ಮನೆಯಲ್ಲೇ ಇದನ್ನು ಮಾಡಿ ಮುಗಿಸಬೇಕು.

ಇನ್ನು ಡ್ರ್ಯಾಗಿಗೆ ನೀರಿನ ಬಾಟಲಿಗಿಂತ ಒಳ್ಳೆಯ ತಕ್ಕಡಿ ಬೇಡ. ಒಂದು ಲೀಟರ್ ನೀರು ಒಂದು ಕಿಲೋ. ಎರಡು ಲೀಟರಿನ ಬಾಟಲಿ ತುಂಬಿ ದಾರದ ತುದಿಗೆ ಕಟ್ಟಿ, ಮೇಲುಪ್ಪರಿಗೆಯಿಂದಲೋ ಬಾವಿಕಟ್ಟೆಯಿಂದಲೋ ರೀಲನ್ನು ಕೈಯಲ್ಲಿ ಹಿಡಿದು ನೇರ ಇಳಿಬಿಡಿ. ಡ್ರ್ಯಾಗನ್ನು ಬಾಟಲಿ ಆಗಷ್ಟೇ ಇಳಿಯತೊಡಗುವಷ್ಟು ಸಡಿಲಿಸಿ. ಬಾಟಲಿ ಒಂದೇ ಸಮನೆ, ಬೆಣ್ಣೆಯಂತೆ ಇಳಿಯಬೇಕು. ನಿಂತು ನಿಂತು ಜಿಗಿದರೆ ವಾಶರು ಸರಿಯಿಲ್ಲ. ಎಣ್ಣೆ ಹೀರಿದ ಫೆಲ್ಟ್ ವಾಶರಿದ್ದರೂ ಸಣ್ಣ ಮೀನಿಗೆ ಸಾಕು, ಇಂಗಾಲದ ನಾರಿನ ವಾಶರು ಬಿಸಿ ತಡೆಯುವುದರಲ್ಲಿ ಮೇಲು. ಅನಂತರ ಡ್ರ್ಯಾಗನ್ನು ಬಿಗಿದು, ದಾರ ತಡೆಯುವ ಮಿತಿಯೊಳಗೆ ಐದು ಲೀಟರಿನ ಕ್ಯಾನು ಕಟ್ಟಿ ಎತ್ತಿ ಹಿಡಿಯಿರಿ. ಹಿಡಿ ಹಿಂದಕ್ಕೆ ಜಾರಕೂಡದು. ರೋಟರಿನ ಕೈ ಸ್ಪೂಲಿನತ್ತ ಬಾಗಿ ತಾಗುವಂತಾದರೆ ಆ ಮೈ ಕಡಲಿಗೆ ಸಾಲದು. ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು ಮಾಡಿ ಎಂದು ಬೇರೆ ಹೇಳಬೇಕಿಲ್ಲ.

ಯಾರ ಮಾತು ನಂಬುವುದು?

ಈಗ ಕೊಳ್ಳುವ ಮೊದಲು ಎಲ್ಲರೂ ಮೊಬೈಲಿನಲ್ಲಿ ನಕ್ಷತ್ರ ಎಣಿಸುತ್ತಾರೆ. ಐದು ನಕ್ಷತ್ರ ಕೊಟ್ಟ ಅಭಿಪ್ರಾಯಗಳನ್ನು ಓದಿ ನೋಡಿ. ಬಹುಪಾಲು ಡಬ್ಬಿ ಬಿಚ್ಚಿದ ವಾರದೊಳಗೆ ಬರೆದವು. ಬಣ್ಣ ಚಂದ, ಬೇಗ ತಲುಪಿತು, ನಯವಾಗಿ ತಿರುಗುತ್ತದೆ. ಅವರು ಅಂಚೆಯವನಿಗೆ ಅಂಕ ಕೊಟ್ಟಿದ್ದಾರೆ, ರೀಲಿಗಲ್ಲ. ಬಾಳಿಕೆಯ ಸಾಕ್ಷಿ ಬೇಕಾದರೆ ಒಂದೆರಡು ನಕ್ಷತ್ರ ಕೊಟ್ಟವರನ್ನು ಕೇಳಬೇಕು, ಅದೂ ಏನು ಕೆಟ್ಟಿತು ಎಂಬುದನ್ನು. ಹತ್ತು ಮಂದಿಗೆ ಹತ್ತು ತರದ ದೋಷ ಬಂದಿದ್ದರೆ ಅದು ಕಾರ್ಖಾನೆಯ ಅಜಾಗ್ರತೆ ಇರಬಹುದು, ನಿಮಗೆ ಒಳ್ಳೆಯದೂ ಸಿಕ್ಕೀತು. ನಾಲ್ಕು ಮಂದಿ ಬೇರೆ ಬೇರೆ ಊರಿನಿಂದ ಬೇಲ್ ತಾನಾಗಿ ಮುಚ್ಚುತ್ತದೆ ಎಂದೇ ಬರೆದಿದ್ದರೆ ದೋಷ ರಚನೆಯಲ್ಲೇ ಇದೆ. ನಿಮ್ಮದೂ ಮುಚ್ಚುತ್ತದೆ.

ಗೆಳೆಯರ ಮಾತೂ ಅಷ್ಟೇ. ‘ನಾವು ಮೂವರು ಅದನ್ನೇ ಕೊಂಡಿದ್ದೇವೆ, ಒಂದೂ ಕೆಟ್ಟಿಲ್ಲ’ ಎಂದರೆ ಸಾಕ್ಷಿ ಗಟ್ಟಿಯೆಂದು ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಮಾದರಿಯ ಹತ್ತರಲ್ಲಿ ಎರಡು ರೀಲು ಮೊದಲ ವರ್ಷವೇ ಕೆಡುತ್ತವೆಂದು ಭಾವಿಸಿ. ಅದು ಕೆಟ್ಟ ಮಾದರಿಯೇ ಸರಿ. ಆಗಲೂ ಮೂವರು ಕೊಂಡು ಮೂರೂ ಕೆಡದೆ ಉಳಿಯುವ ಸಂಭವ 0.8 × 0.8 × 0.8, ಅಂದರೆ 0.512. ಅರ್ಧಕ್ಕಿಂತ ಹೆಚ್ಚು! ಮೂವರ ಅದೃಷ್ಟದಿಂದ ಕೆಟ್ಟ ಮಾದರಿಯೂ ಒಳ್ಳೆಯ ಹೆಸರು ಪಡೆಯುತ್ತದೆ. ಮತ್ತೆ, ಅವರು ಎಲ್ಲಿ ಎಸೆದರು ಎಂದು ಕೇಳಬೇಕು. ಚಂದ್ರಗಿರಿ ಹೊಳೆಯ ಒಳಭಾಗದಲ್ಲಿ 20 ಗ್ರಾಂ ತೂಕ ಎಸೆದು ಕಾಣೆ ಹಿಡಿದವರ ಅನುಭವ ಅಳಿವೆಯ ಹೊರಗೆ 120 ಗ್ರಾಂ ಎಸೆದು ಕಾಳಾಂಜಿಗೆ ಕಾಯುವವರಿಗೆ ಬರುವುದಿಲ್ಲ. ಬೇಕಲದ ಕಡೆಯ ಒಬ್ಬ ಹಿರಿಯರ ಬಳಿ ಅತಿ ಅಗ್ಗದ ಒಂದು ರೀಲು ಆರು ವರ್ಷದಿಂದ ನಡೆಯುತ್ತಿದೆ. ಅದನ್ನು ಕಂಡು ಅದೇ ಕೊಂಡವರ ರೀಲು ಆರು ತಿಂಗಳೂ ಬಾಳಲಿಲ್ಲ. ಹಿರಿಯರು ಪ್ರತಿ ರಾತ್ರಿ ಊಟಕ್ಕೆ ಮೊದಲು ರೀಲನ್ನು ತೊಳೆದು ಒರಸುತ್ತಾರೆ ಎಂಬುದನ್ನು ಇವರು ಕೇಳಿ ತಿಳಿದಿರಲಿಲ್ಲ.

ಹೆಸರಾಂತ ಕಂಪೆನಿಯ ಕೆಳದರ್ಜೆಯ ರೀಲೇ, ಅಥವಾ ಹೆಸರಿಲ್ಲದ ಕಂಪೆನಿಯ ‘ಮೇಲ್ದರ್ಜೆ’ಯ ರೀಲೇ ಎಂದು ಅನೇಕರು ಕೇಳುತ್ತಾರೆ. ಬೆಲೆ ಸಮನಾದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಗುಣ ಬಹಳ ಹೆಚ್ಚೆಂದಲ್ಲ, ಬಿಡಿಭಾಗಗಳ ನಕಾಶೆ ಮತ್ತು ಅಂಕೆಗಳು ಸಿಗುತ್ತವೆ ಎಂದು. ನನ್ನ ರೀಲನ್ನು ಕೊಂದದ್ದು ಒಂದು ಸ್ಪ್ರಿಂಗು. ಅದಕ್ಕಾಗಿ ಅಂಗಡಿಯಲ್ಲಿ ಕೇಳಿದೆ, ಡಬ್ಬಿಯ ಮೇಲಿದ್ದ ವಿಳಾಸಕ್ಕೂ ಬರೆದೆ. ಉತ್ತರ ಬರಲಿಲ್ಲ. ಕೊನೆಗೆ ಪೇಟೆಯ ಗಡಿಯಾರ ರಿಪೇರಿಯವರೊಬ್ಬರು ಹಳೆಯ ಸ್ಪ್ರಿಂಗೊಂದನ್ನು ಕತ್ತರಿಸಿ ಬಗ್ಗಿಸಿ ಕೂಡಿಸಿದರು. ಮೂವತ್ತು ರೂಪಾಯಿ ತೆಗೆದುಕೊಂಡರು. ಖಾತರಿ ಪತ್ರವನ್ನು ನಂಬಿ ಕೊಳ್ಳುವವರು ಅದರ ಸಣ್ಣ ಅಕ್ಷರಗಳನ್ನು ಓದಬೇಕು. ಉಪ್ಪುನೀರಿನ ತುಕ್ಕು ಮತ್ತು ಸವೆತ ಅದರಲ್ಲಿ ಸೇರಿಲ್ಲ ಎಂದು ಅನೇಕ ಪತ್ರಗಳಲ್ಲಿ ಬರೆದಿರುತ್ತದೆ. ಇಂಗ್ಲಿಷಿನಲ್ಲಿದೆ ಎಂದು ಮಡಚಿಡುವುದು ಬೇಡ. ಮನೆಯಲ್ಲಿ ಓದಬಲ್ಲ ಮಕ್ಕಳಿದ್ದಾರೆ, ಓದಿಸಿಕೊಳ್ಳಿ.

ಕೊಂಡ ಮೇಲಿನ ಆರೈಕೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ರೀಲನ್ನು ಹೊಯಿಗೆಯ ಮೇಲೆ ಇಡಲೇಬಾರದು. ಕೋಲು ಊರಲು ಒಂದು ಅಡ್ಡಳತೆ ಸರಿಯಿರುವ ಪಿವಿಸಿ ಪೈಪಿನ ತುಂಡು ಸಾಕು. ಎಸೆದ ಬಳಿಕ ಬೇಲನ್ನು ಕೈಯಿಂದಲೇ ಮುಚ್ಚಿ, ಹಿಡಿ ತಿರುಗಿಸಿ ಟಕ್ಕೆನಿಸಬೇಡಿ. ಸ್ಪ್ರಿಂಗಿನ ಆಯುಷ್ಯವೂ ಹೆಚ್ಚುತ್ತದೆ, ದಾರವೂ ಕಡಿಮೆ ಮುರಿಗೆಗೊಳ್ಳುತ್ತದೆ. ಮನೆಗೆ ಬಂದು ಡ್ರ್ಯಾಗನ್ನು ಬಿಗಿದು, ಚೆಂಬಿನಿಂದ ಸಿಹಿನೀರನ್ನು ಮೆಲ್ಲನೆ ಸುರಿದು ತೊಳೆಯಬೇಕು. ನಲ್ಲಿಯ ರಭಸದ ಧಾರೆಗೆ ಹಿಡಿದರೆ ಹೊರಗಿನ ಉಪ್ಪನ್ನು ನಾವೇ ಒಳಕ್ಕೆ ನೂಕಿದಂತೆ. ಬಕೆಟಿನಲ್ಲಿ ಮುಳುಗಿಸುವುದಂತೂ ಕೂಡದು. ಒರಸಿ, ನೆರಳಿನಲ್ಲಿ ಆರಿಸಿ, ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡಿ. ಬಿಗಿದೇ ಇಟ್ಟರೆ ವಾಶರು ಒತ್ತಿ ಹೋಗಿ ಅಂಟುತ್ತದೆ. ತಿಂಗಳಿಗೊಮ್ಮೆ ರೋಲರಿನ ತಿರುಪು ಬಿಚ್ಚಿ ಎಣ್ಣೆಯ ಒಂದು ಹನಿ. ತೆಂಗಿನೆಣ್ಣೆ ಬೇಡ, ಅದು ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯಾದರೂ ಆದೀತು.

ಗಡಿಯಾರದವರು ಸರಿಮಾಡಿಕೊಟ್ಟ ಆ ರೀಲಿನ ಬೇಲ್ ತಂತಿಯನ್ನು ನಾನು ಬಳಿಕ ಪೂರ್ತಿ ತೆಗೆದುಹಾಕಿದೆ. ರೋಲರು ಮಾತ್ರ ಉಳಿದಿದೆ, ದಾರವನ್ನು ಬೆರಳಿಂದ ಎತ್ತಿ ಅದರ ಮೇಲೆ ಕೂರಿಸಬೇಕು. ದೂರ ಎಸೆಯುವ ಹಳಬರು ಕೆಲವರು ಇದನ್ನೇ ಮಾಡುತ್ತಾರೆ. ಮುಚ್ಚಿಕೊಳ್ಳಲು ತಂತಿಯೇ ಇಲ್ಲದ ಮೇಲೆ ಮುಚ್ಚಿಕೊಳ್ಳುವ ಭಯವಿಲ್ಲ. ಮೊದಲ ನಾಲ್ಕು ಸಂಜೆ ಕತ್ತಲಲ್ಲಿ ದಾರ ಹುಡುಕಿ ಬೇಸತ್ತೆ, ಐದನೆಯದಕ್ಕೆ ಬೆರಳು ತಾನಾಗಿ ಕಲಿತಿತು. ಈಗ ಅಳಿವೆಯಲ್ಲಿ ಆ ರೀಲೇ ನಡೆಯುತ್ತಿದೆ. ಮರುವಾಯಿ ಹೆಕ್ಕುವ ಮಕ್ಕಳಿದ್ದರೆ ಮಾತ್ರ ನಾನು ಆಚೆ ದಡಕ್ಕೆ ನಡೆಯುತ್ತೇನೆ.